ಭಾನುವಾರದ ಹತ್ತು ಗಂಟೆಯ ಫಲಾಹಾರ



ಇಂದು ನಾನು ಮಾತನಾಡಬೇಕೆಂದಿರುವ ವಿಷಯವು ಹೊಟ್ಟೆಗೆ ಸಂಬಂಧಿಸಿದುದು. ಉದಾತ್ತವಾದ ಸಾಹಿತ್ಯವಿಚಾರವನ್ನು ನಿರೀಕ್ಷಿಸಿ ಕುಳಿತಿರುವವರು ದಯವಿಟ್ಟು ಕ್ಷಮಿಸಬೇಕು. ವಾರದ ಆರು ದಿನಗಳೂ ಇಂಗ್ಲೀಷು ಕಾವ್ಯದ ನವರಸಗಳನ್ನು ವಿದ್ಯಾರ್ಥಿಗಳಿಗೆ ಬಡಿಸುವವನಿಗೆ, ಏಳನೆಯ ದಿನ ಷಡ್ರಸಗಳ ಮಾತನ್ನೆತ್ತುವ ಅಧಿಕಾರ ಉಂಟೆಂದು ಭಾವಿಸಿದ್ದೇನೆ.

ಇಂಗ್ಲೀಷಿನಲ್ಲಿ ‘ಬ್ರಂಚ್’ ಎಂಬ ಒಂದು ಮಾತು ಇದೆ. ಬೆಳಗಿನ ಉಪಾಹಾರಕ್ಕೆ ಹೇಳುವ ಬ್ರೆಕ್‌ಫಾಸ್ಟ್ ಎಂಬ ಶಬ್ದದ ತಲೆಯನ್ನೂ ಮಧ್ಯಾಹ್ನದ ಊಟಕ್ಕೆ ಹೇಳುವ ಲಂಚ್ ಎಂಬ ಶಬ್ದದ ಬಾಲವನ್ನೂ ಕತ್ತರಿಸಿ ಹೊಲಿದ ಶಬ್ದ ಅದು. 1895ರಲ್ಲಿ ಗೈ ಬೆರಿಂಜರ್ ಎಂಬ ಇಂಗ್ಲೀಷು ಲೇಖಕನು ‘ಹಂಟರ್ಸ್ ವೀಕ್ಲಿ’ ಎಂಬ ಪತ್ರಿಕೆಯಲ್ಲಿ ಈ ಊಟದ ಪರವಾಗಿ ವಕಾಲತ್ತು ವಹಿಸಿ ಒಂದು ಪ್ರಬಂಧವನ್ನೇ ಬರೆದನು. ಭಾನುವಾರ ಇಗರ್ಜಿಯಿಂದ ಹಿಂದಿರುಗಿದ ಮೇಲೆ ಹೊಟ್ಟೆ ಬಿರಿಯುವಂತೆ ಉಣ್ಣುವುದೇತಕ್ಕೆ? ಹೊತ್ತು ಏರಿದ ಮೇಲೆ ಎದ್ದು, ಚಹವನ್ನೋ ಕಾಫಿಯನ್ನೋ ಮುಂದಿಟ್ಟುಕೊಂಡು, ಎರಡು ಊಟಗಳನ್ನು ಒಂದರಲ್ಲಿಯೇ ತೀರಿಸಬಾರದೇತಕ್ಕೆ? ಶನಿವಾರ ರಾತ್ರಿ ಸಂಭ್ರಮದಲ್ಲಿ ಬಹಳ ಹೊತ್ತು ಎಚ್ಚರವಿದ್ದವರಿಗೆ ಇದರಿಂದ ಎಷ್ಟೊಂದು ಉಪಕಾರ! ಇದು ಅವನ ವಾದದ ಸಾರ.

ನಮ್ಮ ವ್ಯಾಕರಣದಲ್ಲಿ ಈ ಜಾತಿಯ ಸಂಧಿಗೆ ಸೂತ್ರ ದೊರೆಯುವುದಿಲ್ಲ. ಬಲವಂತಮಾಡಿದರೆ ಲೋಪಸಂಧಿ ಎನ್ನಬಹುದೇನೋ. ಆದರೆ ಇಲ್ಲಿ ಲೋಪವಾಗಿರುವುದು ಸ್ವರವಲ್ಲ, ಒಂದು ಹೊತ್ತಿನ ಅಡುಗೆ. ಈ ಲೋಪದಿಂದ ಯಾರಿಗೆ ಲಾಭವೆಂಬುದನ್ನು ಬೆರಿಂಜರನು ಯೋಚಿಸಿದಂತೆ ಕಾಣುವುದಿಲ್ಲ. ಎಚ್ಚರವಿದ್ದ ಗಂಡಸರ ತಲೆನೋವಿನ ಮೇಲೆಯೇ ಅವನ ದೃಷ್ಟಿ. ಅದಿರಲಿ.

ನಾನು ಮೈಸೂರಿನ ಕಡೆಯವನು. ಉದ್ಯೋಗದ ನಿಮಿತ್ತ ಕಾರವಾರಕ್ಕೆ ಬಂದು ಹದಿನೈದು ವರ್ಷಗಳಾದುವು. ವಾಸ ಹಬ್ಬುವಾಡದಲ್ಲಿ. ಹಬ್ಬು ಎಂಬ ಮನೆತನದ ಹೆಸರನ್ನು ಹೊತ್ತ ಈ ಕೇರಿಯಲ್ಲಿ ತೆಂಗಿನ ಮರಗಳ ನಡುವೆ ಹಂಚಿನ ಮನೆಗಳು ಇನ್ನೂ ಕೆಲವು ಉಳಿದಿವೆ. ಕಡಲು ಕಣ್ಣಿಗೆ ಕಾಣದಿದ್ದರೂ ಉಪ್ಪಿನ ಗಾಳಿ ಪುಸ್ತಕಗಳ ರಟ್ಟನ್ನು ಬಿಡದೆ ಮೆತ್ತಗೆ ಮಾಡುತ್ತದೆ. ಇಲ್ಲಿಗೆ ಬಂದ ಹೊಸದರಲ್ಲಿ, ಬೆಳಗಿನ ಉಪಾಹಾರಕ್ಕೂ ಮಧ್ಯಾಹ್ನದ ಊಟಕ್ಕೂ ನಡುವೆ ಮೂರನೆಯದೊಂದು ಹೊತ್ತು ಇದೆ ಎಂಬುದನ್ನು ಕಂಡು ನನಗೆ ಆಶ್ಚರ್ಯವಾಯಿತು. ಈ ಕರಾವಳಿಯಲ್ಲಿ ಗದ್ದೆಯಲ್ಲಿಯೋ ದೋಣಿಯಲ್ಲಿಯೋ ಬೆಳಗಿನಿಂದ ದುಡಿದವರು ಹತ್ತು ಹನ್ನೊಂದು ಗಂಟೆಯ ಸುಮಾರಿಗೆ ಕುಚ್ಚಿಗೆ ಅಕ್ಕಿಯ ಗಂಜಿಯನ್ನು ಕುಡಿಯುವರು. ಕೊಂಕಣಿಯಲ್ಲಿ ಅದಕ್ಕೆ ಪೇಜ ಎಂದು ಹೆಸರು. ಜೊತೆಗೆ ಉಪ್ಪಿನಕಾಯಿಯ ಹೋಳು, ಇಲ್ಲವೆ ಸುಟ್ಟ ಒಣಮೀನು. ಬಾಯಾರಿಕೆಗೆ ನೀರೂ ಆಯಿತು, ಹಸಿವಿಗೆ ಅನ್ನವೂ ಆಯಿತು. ಹಂಟರ್ಸ್ ವೀಕ್ಲಿಯನ್ನು ಓದದೆಯೇ ಈ ಜನ ಬ್ರಂಚನ್ನು ಕಂಡುಹಿಡಿದಿದ್ದರೆಂದು ಹೇಳಬಹುದು. ಒಂದೇ ವ್ಯತ್ಯಾಸ: ಇದು ತಡವಾಗಿ ಎದ್ದವರ ಊಟವಲ್ಲ, ಬಹಳ ಬೇಗ ಎದ್ದವರ ಊಟ.

ಇನ್ನು ಹೋಟೆಲಿನ ಮಾತು. ನಮ್ಮ ಮನೆಯಿಂದ ಐದು ನಿಮಿಷದ ನಡಿಗೆಯಲ್ಲಿ ಒಂದು ಸಣ್ಣ ಹೋಟೆಲು ಇದೆ. ಅದರ ಹೆಸರು ಬೇಡ. ಹೆಸರು ಹೇಳಿದರೆ ಮುಂದಿನ ಭಾನುವಾರ ನನಗೆ ಜಾಗ ಸಿಕ್ಕುವುದಿಲ್ಲ. ಎಂಟು ಮೇಜು, ಗಲ್ಲಾದ ಹಿಂದೆ ಊದುಬತ್ತಿಯ ಹೊಗೆಯಿಂದ ಕಪ್ಪಾದ ಒಂದು ದೇವರ ಪಟ, ಗೋಡೆಯ ಮೇಲೆ ದರದ ಹಲಗೆ. ಅದರಲ್ಲಿ ಪದಾರ್ಥಗಳ ಹೆಸರು ಬಣ್ಣದಲ್ಲಿಯೂ ಬೆಲೆ ಸೀಮೆಸುಣ್ಣದಲ್ಲಿಯೂ ಬರೆದಿರುವುದು. ಪದಾರ್ಥಗಳು ಶಾಶ್ವತ, ಬೆಲೆ ನಶ್ವರ ಎಂಬ ತತ್ತ್ವವನ್ನು ಇದಕ್ಕಿಂತ ಸಂಗ್ರಹವಾಗಿ ಹೇಳುವುದು ಕಷ್ಟ.

ಕಾರವಾರದ ವಾರದ ಸಂತೆ ಭಾನುವಾರವೇ ನಡೆಯುವುದು. ಘಟ್ಟದ ಮೇಲಿನಿಂದ ತರಕಾರಿ, ಕಾಳು, ಮೆಣಸಿನಕಾಯಿಗಳ ಮೂಟೆಗಳೊಡನೆ ವ್ಯಾಪಾರಿಗಳು ಹಿಂದಿನ ರಾತ್ರಿಯೇ ಬಂದು ಇಳಿಯುವರು. ಅಂಕೋಲೆಯ ಕಡೆಯ ಹಾಲಕ್ಕಿ ಒಕ್ಕಲಿಗ ಹೆಂಗಸರು, ಕೊರಳ ತುಂಬ ಕರಿಮಣಿ ಸರಗಳನ್ನು ಧರಿಸಿ, ತಾವೇ ಬೆಳೆದ ಬಸಳೆ ಹರಿವೆಗಳ ಕಟ್ಟುಗಳನ್ನು ಮುಂದೆ ಹರವಿಕೊಂಡು ಕುಳಿತಿರುವರು. ಬೇಸಗೆಯಲ್ಲಿ ಕುಮಟೆಯ ಸಿಹಿ ಈರುಳ್ಳಿಯ ಜಡೆಗಳು ತೂಗುವುವು. ಅಂಕೋಲೆಯ ಕರಿ ಈಶಾಡು ಮಾವು, 2023ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಹಣ್ಣು, ಕೆಲವೇ ವಾರಗಳ ಮಟ್ಟಿಗೆ ತನ್ನ ದರ್ಬಾರು ನಡೆಸುವುದು. ಚೀಲ ತುಂಬಿದ ಮೇಲೆ ಜನರ ಕಾಲು ತಾನಾಗಿಯೇ ಹೋಟೆಲಿನ ಕಡೆಗೆ ತಿರುಗುತ್ತದೆ. ಆಗ ಗಂಟೆ ಹತ್ತು.

ಆ ಹತ್ತು ಗಂಟೆಗೆ ಅಲ್ಲಿ ದೊರೆಯುವುದೇನು? ಮೊದಲನೆಯದು ಬನ್ಸು. ಮೈಸೂರಿನವನಾದ ನಾನು ಈ ಹೆಸರನ್ನು ಕೇಳಿದಾಗ ಬೇಕರಿಯ ಬನ್ನನ್ನು ನಿರೀಕ್ಷಿಸಿ ಕುಳಿತಿದ್ದೆ. ಬಂದದ್ದು ಪೂರಿಯ ಅಣ್ಣನಂತೆ ಉಬ್ಬಿದ, ಕಂದುಬಣ್ಣದ ಒಂದು ಪದಾರ್ಥ. ಮೈದಾಹಿಟ್ಟಿಗೆ ಕಳಿತ ಬಾಳೆಯ ಹಣ್ಣು, ಮೊಸರು, ಸಕ್ಕರೆ, ಜೀರಿಗೆ, ಚಿಟಿಕೆ ಸೋಡಾ ಸೇರಿಸಿ ರಾತ್ರಿಯೇ ಕಲಸಿ ಮುಚ್ಚಿಟ್ಟು, ಬೆಳಿಗ್ಗೆ ಲಟ್ಟಿಸಿ ಎಣ್ಣೆಯಲ್ಲಿ ಬಿಡುವುದು. ಸಿಹಿಯೆನ್ನುವಷ್ಟು ಸಿಹಿಯಲ್ಲ, ಖಾರದ ಚಟ್ನಿಯೊಡನೆ ತಿನ್ನುವುದು ರೂಢಿ. ಮನೆಯಲ್ಲಿ ತೀರ ಹಣ್ಣಾಗಿ ಸಿಪ್ಪೆ ಕಪ್ಪಾದ ಬಾಳೆಯ ಹಣ್ಣಿಗೆ ಇದಕ್ಕಿಂತ ಉತ್ತಮವಾದ ಸದ್ಗತಿಯನ್ನು ನಾನು ಕಾಣೆ.

ಎರಡನೆಯದು ಭಾಜಿ-ಪಾವು. ಮುಂಬಯಿಯಲ್ಲಿ ದೊಡ್ಡ ಕಾವಲಿಯ ಮೇಲೆ ಬೆಣ್ಣೆ ಹಾಕಿ ಅರೆದು ಮಾಡುವ ಪದಾರ್ಥವೆಂದು ಇದನ್ನು ತಿಳಿಯಬಾರದು. ಇಲ್ಲಿ ಭಾಜಿಯೆಂದರೆ ಬಟಾಟೆಯದೋ ಬಟಾಣಿಯದೋ, ಕೊಬ್ಬರಿಯ ಮಸಾಲೆಯ ಒಂದು ಪಲ್ಯ ಅಥವಾ ಗೊಜ್ಜು. ಪಾವೆಂದರೆ ಬೆಳಿಗ್ಗೆ ಬಂದ ಮೆತ್ತನೆಯ ರೊಟ್ಟಿ. ಒಂದು ಸಲ ಈ ತಟ್ಟೆಯನ್ನು ಮುಂದಿಟ್ಟುಕೊಂಡು ಯೋಚಿಸಿದೆ. ಪಾವು ಎಂಬ ಶಬ್ದ ಪೋರ್ತುಗೀಜರದು. 1510ರಲ್ಲಿ ಗೋವೆಯನ್ನು ಹಿಡಿದ ಅವರು ತಮ್ಮ ರೊಟ್ಟಿಗೆ ಹುಳಿಹಿಟ್ಟು ದೊರೆಯದೆ ತೆಂಗಿನ ಕಳ್ಳನ್ನೇ ಸೇರಿಸಿ ಹಿಟ್ಟನ್ನು ಹುದುಗಿಸಿದರು. ಬಟಾಟೆ ಎಂಬ ಶಬ್ದವೂ ಅವರದೇ. ಗೆಡ್ಡೆ ಅಮೆರಿಕಾ ಖಂಡದ್ದು. ಖಾರಕ್ಕೆ ಹಾಕಿದ ಮೆಣಸಿನಕಾಯಿಯೂ ಅಲ್ಲಿಯದೇ. ಚಹದ ಗಿಡ ಚೀನಾ ದೇಶದ್ದೂ ಅಸ್ಸಾಮಿನದೂ. ತೆಂಗಿನಕಾಯಿಯೊಂದು ಮಾತ್ರ ಹಿತ್ತಿಲಿನದು. ಸಮುದ್ರಯಾನವನ್ನು ಶಾಸ್ತ್ರವು ನಿಷೇಧಿಸಿದ್ದ ಕಾಲದಲ್ಲಿ, ಸಮುದ್ರವೇ ತಟ್ಟೆಯೊಳಕ್ಕೆ ಬಂದು ಕುಳಿತಿತು. ಅದಕ್ಕೆ ಯಾರೂ ಪ್ರಾಯಶ್ಚಿತ್ತ ವಿಧಿಸಲಿಲ್ಲ.

ಕೊಡುವಿಕೆಯೂ ನಡೆದಿತ್ತು. 1638ರಲ್ಲಿ ಕೋರ್ಟೀನ್ ಎಂಬ ಇಂಗ್ಲೀಷು ವರ್ತಕನ ಸಂಘವು ಕಾರವಾರದಲ್ಲಿ ಕೋಠಿಯನ್ನು ತೆರೆದುದು ಮುಖ್ಯವಾಗಿ ಘಟ್ಟದ ಕರಿಮೆಣಸಿಗಾಗಿ. ಅದಾದ ಹದಿನಾಲ್ಕು ವರ್ಷಗಳಿಗೆ, 1652ರಲ್ಲಿ, ಪಾಸ್ಕಾ ರೋಸೀ ಎಂಬಾತನು ಲಂಡನ್ನಿನಲ್ಲಿ ಮೊದಲನೆಯ ಕಾಫಿ ಅಂಗಡಿಯನ್ನಿಟ್ಟನು. ಮುಂದಿನ ನೂರು ವರ್ಷ ಆ ಅಂಗಡಿಗಳಲ್ಲಿ ಏನೇನು ಹುಟ್ಟಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗೋಸ್ಕರ ಓದುತ್ತಾರೆ: ಪತ್ರಿಕೆಗಳು, ವಿಮಾವ್ಯವಹಾರ, ಅಡಿಸನ್ನನ ಪ್ರಬಂಧಗಳು. ಇಲ್ಲಿ ಹುಟ್ಟುವ ಮಾತು ತನ್ನ ವಿರುದ್ಧವೆಂದು ಹೆದರಿ ಎರಡನೆಯ ಚಾರ್ಲ್ಸ್ ದೊರೆ 1675ರ ಕೊನೆಯಲ್ಲಿ ಅವುಗಳನ್ನೆಲ್ಲ ಮುಚ್ಚಿಸಲು ಹೊರಟು, ಕೆಲವೇ ದಿನಗಳಲ್ಲಿ ಅಪ್ಪಣೆಯನ್ನು ಹಿಂತೆಗೆದುಕೊಂಡನು. ಆದರೆ ಪಾಠದಲ್ಲಿ ನಾವು ಬೇಗ ದಾಟಿಬಿಡುವ ಒಂದು ಸಂಗತಿ ಉಂಟು. ಆ ಕಾಫಿ ಅಂಗಡಿಗಳಲ್ಲಿ ಕುಳಿತು ಮಾತನಾಡಿದವರೆಲ್ಲ ಗಂಡಸರು. ಹೆಂಗಸರು ಅಲ್ಲಿ ಇರಲೇ ಇಲ್ಲವೆಂದಲ್ಲ. ಇದ್ದರು, ಕಾಫಿಯನ್ನು ಬಗ್ಗಿಸಿಕೊಡುವುದಕ್ಕೆ. 1674ರಲ್ಲಿ ಕಾಫಿಯ ವಿರುದ್ಧ ಹೆಂಗಸರ ಹೆಸರಿನಲ್ಲಿ ಒಂದು ಅಹವಾಲು ಅಚ್ಚಾಯಿತು. ಅದನ್ನು ಬರೆದವರು ಗಂಡಸರೇ ಇರಬಹುದೆಂದು ಕೆಲವು ವಿದ್ವಾಂಸರ ಸಂಶಯ. ಅಂತೂ ಹೆಂಗಸರಿಗೆ ಮೇಜಿನ ಪಕ್ಕದಲ್ಲಿ ಜಾಗ ದೊರೆಯಲಿಲ್ಲ.

ಹಬ್ಬುವಾಡಕ್ಕೆ ಹಿಂದಿರುಗೋಣ. ಬೆರಿಂಜರನ ಸಿದ್ಧಾಂತವು ಕಾರವಾರದಲ್ಲಿ ನಿಲ್ಲದಿರುವುದಕ್ಕೆ ಒಂದು ಪ್ರಬಲ ಕಾರಣ ಉಂಟು, ಅದು ಮೀನು. ಹತ್ತು ಗಂಟೆಗೆ ಬನ್ಸು ತಿಂದವನು ಮಧ್ಯಾಹ್ನದ ಊಟವನ್ನು ಬಿಟ್ಟುಬಿಡುವನೆಂದು ನೀವು ಎಣಿಸಿದರೆ ಈ ಊರಿನ ಧರ್ಮವನ್ನು ನೀವು ಅರಿತವರಲ್ಲ. ಒಂದು ಗಂಟೆಗೆ ಮನೆಯಲ್ಲಿ ಬಂಗಡೆಯದೋ ಇಸ್ವಾಣದ್ದೋ ಸಾರು, ಅನ್ನ, ಪುನರ್ಪುಳಿಯ ಸೋಲ ಕಡಿ ಆಗಲೇಬೇಕು. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳಿಗೆ ಕಡಲು ನಿಷಿದ್ಧವಾದಾಗ ಮಾತ್ರ ಜನರ ಮುಖದಲ್ಲಿ ಒಂದು ಬಗೆಯ ವೈರಾಗ್ಯವನ್ನು ಕಾಣಬಹುದು. ಸಸ್ಯಾಹಾರಿಯಾದ ನನ್ನನ್ನು ನೆರೆಯವರೊಬ್ಬರು ಬಹು ಕನಿಕರದಿಂದ ನೋಡಿ, “ಹಾಗಾದರೆ ನಿಮಗೆ ಆಯ್ತಾರ ಅಂದರೆ ಏನು ಮಾಸ್ತರೇ?” ಎಂದು ಕೇಳಿದ್ದುಂಟು. ಉತ್ತರ ಹೊಳೆಯಲಿಲ್ಲ.

ಆದುದರಿಂದ ಹೋಟೆಲಿನ ಈ ಹತ್ತು ಗಂಟೆ ಊಟದ ಹೊತ್ತೇ ಅಲ್ಲ, ಕುಳಿತುಕೊಳ್ಳುವ ಹೊತ್ತು. ಒಂದೇ ಮೇಜಿನಲ್ಲಿ ಕೊಂಕಣಿ, ಕನ್ನಡ, ಮರಾಠಿ ಮೂರೂ ನಡೆಯುತ್ತವೆ. ನೌಕಾನೆಲೆಯವರು ಬಂದರೆ ಹಿಂದಿಯೂ ಸೇರುತ್ತದೆ. ಪಕ್ಕದಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ ಇಂಜಿನಿಯರು. ಎದುರಿನಲ್ಲಿ, 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ಯೋಜನೆಗಾಗಿ ಹುಟ್ಟಿದ ಮನೆಯನ್ನೂ ದೋಣಿ ಎಳೆಯುವ ಮರಳನ್ನೂ ಬಿಟ್ಟು ಬಂದ ಮುದುಕ. ಅದೇ ಬೆಂಚಿನ ಕೊನೆಯಲ್ಲಿ ಆ ನೆಲೆಯಲ್ಲಿಯೇ ಕೆಲಸ ಮಾಡುವ ಪಂಜಾಬಿನ ಹುಡುಗ. ಮುದುಕರು ಚಹವನ್ನು ಬಶಿಗೆ ಸುರಿದು ಸದ್ದುಮಾಡುತ್ತ ಕುಡಿಯುವರು. ಆ ಹುಡುಗ ಮೊದಮೊದಲು ನೋಡುತ್ತಿದ್ದು, ಈಗ ತಾನೂ ಬಶಿಯಲ್ಲಿಯೇ ಕುಡಿಯುವನು. ಕಳೆದುಹೋದ ಊರಿನ ವಿಚಾರ ಅವರಿಬ್ಬರೊಳಗೆ ಬಂದುದನ್ನು ನಾನು ಕೇಳಿಲ್ಲ. ಸಕ್ಕರೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದು ಮಾತ್ರ ಬರುತ್ತದೆ.

ಇಷ್ಟೂ ಸುಲಭವಾಗಿ ಒದಗಿದ್ದಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾಗಿ ಇಂದು ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಲೋಕಪ್ರಸಿದ್ಧವಾಗಿರುವ ಉಪಾಹಾರಗೃಹದ ಮೊದಲ ಹೆಸರು ಬ್ರಾಹ್ಮಣ ಕಾಫಿ ಕ್ಲಬ್ ಎಂದು. ಆ ಕಾಲಕ್ಕೆ ಅಂಥ ಹೆಸರಿನ ಹಲಗೆಗಳು ಊರೂರಿಗೂ ಇದ್ದುವು. ಅದನ್ನು ನೋಡಿ ಒಳಗೆ ಬರುವವರು ಬಂದರು, ಹೊರಗಿನಿಂದಲೇ ಹೋಗಬೇಕಾದವರು ಹೋದರು. ನನ್ನ ಅಜ್ಜ ಹೇಳುತ್ತಿದ್ದ ಪ್ರಕಾರ, ಮೈಸೂರಿನ ಹೋಟೆಲೊಂದರಲ್ಲಿ ಒಳಕೋಣೆ ಒಂದು ಜಾತಿಗೆ, ಹಜಾರ ಉಳಿದ ಜಾತಿಗಳಿಗೆ, ಬೀದಿಯ ಕಡೆಯ ಕಿಟಕಿ ಇನ್ನು ಕೆಲವರಿಗೆ ಮೀಸಲು. ಅಜ್ಜ ಒಳಕೋಣೆಯಲ್ಲಿ ಕುಳಿತು ದೋಸೆ ತಿಂದವರು. ಕಿಟಕಿಯ ವಿಚಾರವನ್ನು ಅವರು ಹೇಳುವಾಗ ಧ್ವನಿ ತಗ್ಗುತ್ತಿತ್ತು. 1950ರ ಜನವರಿ 26ರಿಂದ ಜಾರಿಗೆ ಬಂದ ಸಂವಿಧಾನದ ಹದಿನೈದನೆಯ ಅನುಚ್ಛೇದವು ಅಂಗಡಿಗಳನ್ನೂ ಸಾರ್ವಜನಿಕ ಉಪಾಹಾರಗೃಹಗಳನ್ನೂ ಹೋಟೆಲುಗಳನ್ನೂ ಹೆಸರಿಸಿಯೇ, ಅಲ್ಲಿ ಯಾರನ್ನೂ ತಡೆಯಕೂಡದೆಂದು ವಿಧಿಸಿತು. ರಾಜ್ಯವನ್ನು ಕಟ್ಟುವ ಮಹಾಗ್ರಂಥದಲ್ಲಿ ಹೋಟೆಲಿನ ಪ್ರಸ್ತಾಪ ಬರಬೇಕಾಯಿತೆಂದರೆ, ಕಾಫಿಯ ಲೋಟದ ತೂಕ ಎಷ್ಟಿತ್ತೆಂದು ಊಹಿಸಿಕೊಳ್ಳಿ. ಎರಡು ಲೋಟಗಳ ಪದ್ಧತಿಯ ಸುದ್ದಿ ಕೆಲವು ಹಳ್ಳಿಗಳಿಂದ ಇನ್ನೂ ಬರುತ್ತಲೇ ಇದೆ.

ಹೆಂಗಸರ ವಿಷಯ ಬೇರೆ. ಅವರನ್ನು ಯಾವ ಹಲಗೆಯೂ ತಡೆಯಲಿಲ್ಲ. ‘ಕುಟುಂಬಗಳಿಗೆ’ ಎಂಬ ಪರದೆಯ ಕೋಣೆಯೂ ಇತ್ತು. ಆದರೂ ಬರಲಿಲ್ಲ. ನಮ್ಮ ಹೋಟೆಲಿನಲ್ಲಿ ಯಾವ ಸಂಕೋಚವೂ ಇಲ್ಲದೆ ಮೇಜಿಗೆ ಕುಳಿತು ಚಹ ತರಿಸಿಕೊಳ್ಳುವ ಹೆಂಗಸರನ್ನು ಮೊದಲು ನೋಡಿದಾಗ ಅವರು ಹಾಲಕ್ಕಿಯವರೂ ಮೀನು ಮಾರುವವರೂ ಆಗಿದ್ದರು. ತಮ್ಮ ದುಡಿಮೆಯ ಹಣ, ತಮ್ಮ ಹಸಿವು, ಯಾರನ್ನು ಕೇಳಬೇಕು? ಓದುಬರಹ ಬಲ್ಲ ನಮ್ಮ ಮನೆಗಳ ಹೆಂಗಸರು ಆ ಬೆಂಚನ್ನು ತಲಪುವುದಕ್ಕೆ ಇನ್ನೂ ಬಹಳ ಕಾಲ ಹಿಡಿಯಿತು.

ಈ ಮಾತನ್ನು ನನಗೆ ತೋರಿಸಿಕೊಟ್ಟವಳು ನನ್ನ ಹೆಂಡತಿ. ಒಂದು ಭಾನುವಾರ ನಾನು ಹೋಟೆಲಿನಿಂದ ಹನ್ನೊಂದಕ್ಕೆ ಹಿಂದಿರುಗಿ, ಕೂತವರ ಕಥೆಯನ್ನೆಲ್ಲ ವರ್ಣಿಸುತ್ತಿದ್ದೆ. ಭಾನುವಾರದ ರಜೆಯ ಇತಿಹಾಸವೂ ನಡುವೆ ಬಂತು. ಆಗ ಕಾರವಾರವು ಸೇರಿದ್ದ ಮುಂಬಯಿ ಪ್ರಾಂತದಲ್ಲಿ, ಗಿರಣಿಯ ಕೂಲಿಕಾರರಿಗೆ ವಾರಕ್ಕೊಂದು ದಿನವೂ ಬಿಡುವಿರಲಿಲ್ಲವೆಂದೂ, ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿ 1890ರಲ್ಲಿ ಭಾನುವಾರದ ರಜೆಯನ್ನು ಗಳಿಸಿಕೊಟ್ಟರೆಂದೂ ಹೇಳಿದೆ. ಅವಳು ಸೌತೆಕಾಯಿ ಹೆಚ್ಚುತ್ತ ಎಲ್ಲವನ್ನೂ ಕೇಳಿ, “ಗಿರಣಿಗೆ ರಜ ಸಿಕ್ಕಿತು, ಕಾಲೇಜಿಗೆ ಸಿಕ್ಕಿತು. ಒಲೆಗೆ ಯಾರು ಕೇಳಿದರು? ಭಾನುವಾರ ನೀವೆಲ್ಲ ಮನೆಯಲ್ಲಿರ್ತೀರಿ, ಅವತ್ತು ನನಗೆ ಕೆಲಸ ಜಾಸ್ತಿ” ಎಂದಳು. ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಲೆಕ್ಕ ಹೇಳಿದಂತೆ ಹೇಳಿದಳು. ಅವಳೂ ಶಾಲೆಯಲ್ಲಿ ಗಣಿತದ ಉಪಾಧ್ಯಾಯಿನಿ.

ಅಂದಿನಿಂದ ನಾವಿಬ್ಬರೂ ಮಕ್ಕಳೊಡನೆ ಹೋಟೆಲಿಗೆ ಹೋಗುವುದು ವಾಡಿಕೆಯಾಯಿತು. ಅಮ್ಮ ಮಾತ್ರ ಬರಲಿಲ್ಲ. ತಂದೆಯವರು ತೀರಿಕೊಂಡ ಮೇಲೆ ಅವಳು ಮೈಸೂರಿನಿಂದ ನಮ್ಮಲ್ಲಿಗೆ ಬಂದು ಎರಡು ವರ್ಷಗಳಾಗಿದ್ದುವು. ಎಪ್ಪತ್ತರ ಮೇಲಿನ ವಯಸ್ಸು. ಮಡಿಯ ಕಟ್ಟುನಿಟ್ಟು ಸಡಿಲವಾಗಿದ್ದರೂ, ಹೊರಗೆ ಕುಳಿತು ಉಣ್ಣುವುದೆಂಬುದು ಅವಳ ಮನಸ್ಸಿಗೆ ಹತ್ತದು. “ನೀವು ಹೋಗಿಬನ್ನಿ. ನನಗೆ ಒಂದು ಹಿಡಿ ಅವಲಕ್ಕಿ ಸಾಕು” ಎನ್ನುವಳು. ನಾವು ಬರುವ ವೇಳೆಗೆ ಮಧ್ಯಾಹ್ನದ ಸಾರಿಗೆ ಬೇಳೆ ಬೆಂದಿರುತ್ತಿತ್ತು. ಸೊಸೆಗೆ ದೊರೆತ ರಜೆಯನ್ನು ಅತ್ತೆ ತುಂಬಿಕೊಡುತ್ತಿದ್ದಳು. ಇದು ನನ್ನ ಗಮನಕ್ಕೆ ಬಂದುದು ಬಹಳ ತಡವಾಗಿ.

ಒಂದು ಭಾನುವಾರ ಬೆಳಿಗ್ಗೆ ಅಡುಗೆಯ ಅನಿಲ ಮುಗಿಯಿತು. ಮತ್ತೊಂದು ಸಿಲಿಂಡರು ಮನೆಯಲ್ಲಿರಲಿಲ್ಲ. ಭಾನುವಾರ ತಂದುಕೊಡುವವರೂ ಇಲ್ಲ. ಅಮ್ಮ ಸ್ವಲ್ಪ ಹೊತ್ತು ಆ ಒಲೆಯನ್ನು ನೋಡಿ, ಹೊದೆಯುವ ಶಾಲನ್ನು ತೆಗೆದುಕೊಂಡು ಬಂದು ಬಾಗಿಲಲ್ಲಿ ನಿಂತಳು. ನಾವು ಯಾರೂ ಏನೂ ಮಾತನಾಡಲಿಲ್ಲ. ಮಾತನಾಡಿದರೆ ಮನಸ್ಸು ಬದಲಾಯಿಸಿಯಾಳೆಂದು ಭಯ.

ಗೋಡೆಯ ಕಡೆಯ ಬೆಂಚಿನಲ್ಲಿ ಅವಳನ್ನು ಕೂರಿಸಿದೆವು. ಯಜಮಾನರು ತಾವೇ ಗಲ್ಲಾ ಬಿಟ್ಟು ಬಂದು, “ಬರ್ರಿ ಆಯೀ” ಎಂದು ಮೇಜನ್ನು ಇನ್ನೊಮ್ಮೆ ಒರಸಿಸಿದರು. ಆಯಿ ಎಂದರೆ ಇಲ್ಲಿ ತಾಯಿ; ಅಮ್ಮನಿಗೆ ಅರ್ಥವಾಗದೆ ನನ್ನ ಮುಖವನ್ನು ನೋಡಿದಳು. ಬನ್ಸು ಬಂತು. ಮುರಿದು, ಮೂಸಿ, “ಬಾಳೆಹಣ್ಣು ಹಾಕಿದಾರೆ ಕಣೋ” ಎಂದಳು. ಒಂದನ್ನು ಪೂರ್ತಿ ತಿಂದು ಎರಡನೆಯದರಲ್ಲಿ ಅರ್ಧವನ್ನು ಮೊಮ್ಮಗನಿಗೆ ಕೊಟ್ಟಳು. ಕಾಫಿಗೆ ಚಿಕೋರಿ ಜಾಸ್ತಿಯಾಗಿದೆ ಎಂದು ತೀರ್ಪು ಕೊಟ್ಟು, ಲೋಟವನ್ನು ಮಾತ್ರ ಬರಿದು ಮಾಡಿದಳು. ಆಮೇಲೆ ಬೀದಿಯ ಕಡೆ ನೋಡುತ್ತ, ಯಾರನ್ನೂ ಉದ್ದೇಶಿಸದೆ, ಹೀಗೆಂದಳು: “ನಮ್ಮ ಅತ್ತೆ ಕಾಲದಲ್ಲಿ ನನಗೆ ಏಕಾದಶಿಯೇ ಭಾನುವಾರ. ಅವತ್ತು ಒಲೆ ಹಚ್ಚುತ್ತಿರಲಿಲ್ಲ. ಮಕ್ಕಳಿಗೆ ಮೊಸರವಲಕ್ಕಿ. ಮಧ್ಯಾಹ್ನ ಕಾಲು ಚಾಚಿ ಮಲಗೋದು ತಿಂಗಳಿಗೆ ಎರಡು ದಿನ. ಹೊಟ್ಟೆ ಚುರ್ ಅಂದರೂ ಆ ದಿನ ಯಾವಾಗ ಬರುತ್ತೋ ಅಂತ ಕಾಯ್ತಿದ್ದೆ.”

ನಾನು ಅವಳ ಮಗ. ನಲವತ್ತಾರು ವರ್ಷಗಳ ಕಾಲ ಅವಳ ಏಕಾದಶಿಗಳನ್ನು ದೈವಭಕ್ತಿಯೆಂದು ತಿಳಿದಿದ್ದವನು. ಭಕ್ತಿಯೂ ಇದ್ದಿರಬೇಕು. ಆದರೆ ವಿಶ್ರಾಂತಿಯನ್ನು ಹಸಿವಿನಿಂದ ಕೊಂಡುಕೊಳ್ಳಬೇಕಾಗಿದ್ದ ಒಬ್ಬ ಹುಡುಗಿ ನಮ್ಮ ಮನೆಯಲ್ಲಿದ್ದಳೆಂಬುದು ನನಗೆ ತಿಳಿದುದು ಹಬ್ಬುವಾಡದ ಆ ಬೆಂಚಿನ ಮೇಲೆ. ಬಿಲ್ಲು ಎಷ್ಟಾಯಿತೆಂಬುದನ್ನು ಎರಡು ಸಲ ಕೇಳಬೇಕಾಯಿತು.

ಅಷ್ಟರಲ್ಲಿ ಅಮ್ಮ ಎದ್ದು ಕೈ ತೊಳೆಯುವುದಕ್ಕೆ ಹಿಂದುಗಡೆ ಹೋಗಿದ್ದಳು. ಬಹಳ ಹೊತ್ತಾದರೂ ಬಾರದಿರಲು ನಾನು ನೋಡಹೋದೆ. ಅಡುಗೆಯ ಕೋಣೆಯ ಬಾಗಿಲಲ್ಲಿ ಅವಳು ನಿಂತಿದ್ದಳು. ಒಳಗೆ ತುರಿಯುವ ಮಣೆಯ ಮೇಲೆ ಕುಳಿತು ಒಬ್ಬಾಕೆ ತೆಂಗಿನಕಾಯಿ ತುರಿಯುತ್ತಿದ್ದಳು. ಪಕ್ಕದಲ್ಲಿ ತುರಿದು ಮುಗಿಸಿದ ಕರಟಗಳ ರಾಶಿ. ಇಬ್ಬರೊಳಗೂ ಸಂವಾದ ನಡೆದಿತ್ತು.

“ಎಷ್ಟು ಹೊತ್ತಿಗೆ ಏಳ್ತೀಯಮ್ಮಾ?”

“ನಾಲ್ಕು ಗಂಟೆಗೆ ಅಮ್ಮಾ. ಬನ್ಸಿನ ಹಿಟ್ಟು ರಾತ್ರಿ ಹೋಗುವಾಗೇ ಕಲಸಿಟ್ಟು ಹೋಗ್ತೆ.”

“ನಿನಗೆ ರಜ ಯಾವಾಗ?”

“ಬುಧವಾರ.”

“ಬುಧವಾರ ಏನು ಮಾಡ್ತೀ?”

“ಮನೇಲಿ ಬಟ್ಟೆ ಒಗೆಯೂದು, ಅಡುಗೆ ಮಾಡೂದು, ಸೌದೆ ತರೂದು. ಮತ್ತೆಂತದು?”

ಇಬ್ಬರೂ ನಕ್ಕರು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಆ ಬುಧವಾರವೂ ತಾನಾಗಿ ಬಂದುದಲ್ಲವೆಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ಅಂಗಡಿ, ಉಪಾಹಾರಗೃಹ, ನಾಟಕಶಾಲೆಗಳ ನೌಕರರಿಗೆ ವಾರಕ್ಕೊಂದು ಪೂರ್ಣ ದಿನದ ಬಿಡುವನ್ನು ಕೊಡತಕ್ಕದ್ದೆಂದು 1942ರಲ್ಲಿ ಒಂದು ಕಾಯಿದೆಯಾಯಿತು. ಲೋಖಂಡೆಯವರ ಭಾನುವಾರದ ತರುವಾಯ ಐವತ್ತೆರಡು ವರ್ಷಗಳಿಗೆ. ನಮ್ಮ ರಾಜ್ಯದಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯೂ ಅದನ್ನೇ ಹೇಳುತ್ತದೆ. ನೀರು ತಂದಿಡುವ, ತಟ್ಟೆ ಎತ್ತುವ ಹತ್ತು ಹನ್ನೆರಡು ವರ್ಷದ ಮಾಣಿಗಳು ಹೋಟೆಲುಗಳಿಂದ ಶಾಲೆಗೆ ಹೋಗಬೇಕೆಂದು ನಿಷೇಧಾಜ್ಞೆ ಬರುವುದಕ್ಕೆ 2006ರ ಅಕ್ಟೋಬರ್ ತಿಂಗಳಾಗಬೇಕಾಯಿತು. ನಾನು ಚಿಕ್ಕವನಾಗಿದ್ದಾಗ ಮೈಸೂರಿನಲ್ಲಿ ನನಗೆ ದೋಸೆ ತಂದಿಟ್ಟವನು ನನ್ನ ವಯಸ್ಸಿನವನೇ. ಅವನ ಹೆಸರನ್ನು ನಾನು ಕೇಳಿರಲಿಲ್ಲ. ಎಲ್ಲರೂ ‘ಮಾಣಿ’ ಎಂದೇ ಕರೆಯುತ್ತಿದ್ದರು. ಕಾಯಿದೆಯು ಬುಧವಾರವನ್ನು ಹೋಟೆಲಿನಿಂದ ಬಿಡಿಸಿಕೊಟ್ಟಿತು, ಸರಿ. ಆ ಬುಧವಾರದಂದು ಆಕೆಯ ಮನೆಯಲ್ಲಿ ಸೌದೆ ಯಾರು ತರಬೇಕೆಂದು ಯಾವ ಕಾಯಿದೆಯೂ ಹೇಳಲಾರದು.

ಮನೆಗೆ ಬರುವ ದಾರಿಯಲ್ಲಿ ನಾನು ಈ ಧರ್ಮಸಂಕಟವನ್ನು ನಿವೇದಿಸಿಕೊಂಡೆ. ನಮ್ಮ ಮನೆಯ ಒಲೆಗೆ ರಜೆ ಕೊಟ್ಟು ಇನ್ನೊಬ್ಬಾಕೆಯನ್ನು ನಾಲ್ಕು ಗಂಟೆಗೆ ಎಬ್ಬಿಸುವುದು ನ್ಯಾಯವೇ? ಹಾಗಾದರೆ ಹೋಟೆಲಿಗೆ ಹೋಗುವುದನ್ನೇ ಬಿಡೋಣವೇ? ಹೆಂಡತಿ, “ನಾವು ಹೋಗದಿದ್ದರೆ ಅವಳಿಗೆ ಸಂಬಳ ಯಾರು ಕೊಡ್ತಾರೆ?” ಎಂದು ನನ್ನ ತರ್ಕವನ್ನು ಒಂದೇ ಹೆಜ್ಜೆಯಲ್ಲಿ ಮುರಿದಳು. ಅಮ್ಮ ಮಾತನಾಡದೆ ನಡೆಯುತ್ತಿದ್ದವಳು, ಮನೆಯ ಗೇಟಿನ ಹತ್ತಿರ ನಿಂತು ತನ್ನ ನಿರ್ಣಯವನ್ನು ತಿಳಿಸಿದಳು: “ತಿಂಗಳಿಗೆ ಎರಡು ಭಾನುವಾರ ಹೋಟೆಲು. ನಾನೂ ಬರ್ತೀನಿ. ಇನ್ನೆರಡು ಭಾನುವಾರ ಅಡುಗೆಮನೆ ನಿಂದು ಕಣೋ. ಬೆಳಿಗ್ಗೆಯದೂ ನೀನೇ, ಮಧ್ಯಾಹ್ನದ್ದೂ ನೀನೇ.”

ನಾನು ಎಂ.ಎ. ಪದವೀಧರನೆಂದೂ, ನನಗೆ ಬರುವ ಅಡುಗೆ ಕಾಫಿಯೊಂದೇ ಎಂದೂ ವಿನಯಪೂರ್ವಕವಾಗಿ ಅರಿಕೆಮಾಡಿಕೊಂಡೆ. “ಏಕಾದಶಿ ಮಾಡೋಕೆ ನನಗೆ ಯಾರೂ ಹೇಳಿಕೊಡಲಿಲ್ಲ” ಎಂದು ಒಳಗೆ ಹೋದಳು. ಐದನೆಯ ಭಾನುವಾರ ಬರುವ ತಿಂಗಳುಗಳ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ. ಅದು ನನ್ನ ಪಾಲಿಗೇ ಬರುವ ಸೂಚನೆಗಳು ಕಾಣುತ್ತಿವೆ.

ಮೊದಲನೆಯ ಸರದಿಯ ದಿನ ಉಪ್ಪಿಟ್ಟನ್ನು ಆರಿಸಿಕೊಂಡೆ. ಸುಲಭವೆಂದು ಯಾರೋ ಹೇಳಿದ್ದರು. ರವೆಯನ್ನು ಹುರಿದದ್ದು ಪರವಾಗಿಲ್ಲ. ನೀರು ಕುದಿಯುವಾಗ ಒಮ್ಮೆ ಉಪ್ಪು ಹಾಕಿ, ಹಾಕಿದೆನೋ ಇಲ್ಲವೋ ಎಂಬ ಸಂಶಯ ಬಂದು ಇನ್ನೊಮ್ಮೆ ಹಾಕಿದೆ. ಪಾತ್ರೆಯ ತಳದಲ್ಲಿ ಒಂದು ಅಂಗುಲದಷ್ಟು ಹತ್ತಿಕೊಂಡಿತು. ಮಕ್ಕಳು ಒಂದು ತುತ್ತಿಗೆ ಕೈಬಿಟ್ಟು ಬಾಳೆಹಣ್ಣಿನ ಕಡೆಗೆ ನಡೆದರು. ಅಮ್ಮ ಮಾತ್ರ ಮೊಸರನ್ನು ಧಾರಾಳವಾಗಿ ಕಲಸಿಕೊಂಡು ತಟ್ಟೆಯಲ್ಲಿದ್ದುದನ್ನೆಲ್ಲ ತಿಂದಳು. ಗಂಟೆ ಒಂಬತ್ತೂವರೆಯಾಗಿತ್ತು. ಹೊರಗೆ ಸಂತೆಗೆ ಹೋಗುವವರ ಸದ್ದು. ನನ್ನ ಹೆಂಡತಿ ಇನ್ನೂ ಎದ್ದಿರಲಿಲ್ಲ.